ಅಮ್ಮನ ಮರೆವಿಗೆ ವಿಟಮಿನ್ ಮಾತ್ರೆ ಕೊಡಬಹುದಾ? ಗೊತ್ತಿದ್ದವರು ಹೇಳಿ

ಕುವೆಂಪುನಗರ ಕಾಫಿ
ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 74. ವರ್ಷದಿಂದ ಮರೆವು ಜಾಸ್ತಿಯಾಗಿದೆ. ಮೊದಲು ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುತ್ತಿದ್ದರು, ಅದು ನಮಗೂ ಇದ್ದದ್ದೇ, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಈಗ ಹಾಲಿನ ಲೆಕ್ಕ ತಪ್ಪುತ್ತಿದೆ. ಪ್ಯಾಕೆಟ್ ಬಂದ ದಿನ ಕ್ಯಾಲೆಂಡರಿನ ತಾರೀಖಿನ ಮೇಲೆ ಪೆನ್ಸಿಲಿನಲ್ಲಿ ಗೀಟು ಹಾಕುವುದು ನಮ್ಮನೆಯಲ್ಲಿ ಮೊದಲಿಂದಲೂ ಅಮ್ಮನ ಕೆಲಸ. ಹೋದ ತಿಂಗಳು ನೋಡಿದರೆ ಒಂದು ದಿನಕ್ಕೆ ಮೂರು ಗೀಟು, ಆಮೇಲೆ ನಾಲ್ಕು ದಿನ ಖಾಲಿ, ಒಂದು ಕಡೆ ಹಾಕಿದ ಗೀಟನ್ನೇ ಕಾಗದ ಹರಿಯುವಷ್ಟು ತಿದ್ದಿದ್ದಾರೆ. ಹಾಲಿನ ಹುಡುಗನ ಜೊತೆ ಜಗಳ ಬೇರೆ.

ಅಣ್ಣ "ಅರವತ್ತಕ್ಕೆ ಅರಳು ಮರಳು ಅಂತಾರೆ, ಇವರಿಗೆ ಎಪ್ಪತ್ತನಾಲ್ಕು, ಸುಮ್ನಿರು" ಅನ್ನುತ್ತಾನೆ. ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗಳು ಹಿರಿಯರ ಮಲ್ಟಿವಿಟಮಿನ್ ದೊಡ್ಡ ಬಾಟಲಿ, ಮೀನೆಣ್ಣೆ ಮಾತ್ರೆ ಎರಡೂ ತಂದುಕೊಟ್ಟಿದ್ದಾಳೆ (ಮೀನೆಣ್ಣೆ ಅಮ್ಮ ಮುಟ್ಟುವುದಿಲ್ಲ, ಅದು ಬೇರೆ ಕಥೆ). ಇಲ್ಲಿ ಮೆಡಿಕಲ್ ಸ್ಟೋರಿನಲ್ಲಿ ಕೇಳಿದರೆ ಗಿಂಕ್ಗೋ ಅನ್ನುವ ಮರದ ಎಲೆಯ ಸಾರ ಇರುವ "ಮೆಮೊರಿ ಕ್ಯಾಪ್ಸೂಲ್" ಕೊಟ್ಟರು. ಅಮ್ಮನಿಗೆ ಸುಮಾರು ಹದಿನೈದು ವರ್ಷದಿಂದ ಶುಗರ್, ಮೆಟ್‌ಫಾರ್ಮಿನ್ ತಗೊಳ್ಳುತ್ತಾರೆ. ಬೆಳಿಗ್ಗೆ ಎದ್ದ ತಕ್ಷಣ ಗ್ಯಾಸ್ ಮಾತ್ರೆ. ಶುದ್ಧ ಸಸ್ಯಾಹಾರ. ಇದರಲ್ಲಿ ಯಾವುದು ಶುರು ಮಾಡಲಿ, ಯಾವುದು ಬಿಡಲಿ?

ಪಾಂಡವಪುರದವನು
ಅಕ್ಕಾ, ಒಂದನ್ನೂ ಶುರು ಮಾಡಬೇಡಿ. ಮೊದಲು ರಕ್ತ ಕೊಟ್ಟು ಬಿ12 ನೋಡಿಸಿ. ಮಾತ್ರೆ ನುಂಗಿ ಆಮೇಲೆ ಪರೀಕ್ಷೆ ಮಾಡಿಸಿದರೆ ರಿಪೋರ್ಟಿನಲ್ಲಿ ಅಂಕಿ ಚೆನ್ನಾಗಿಯೇ ಕಾಣುತ್ತೆ, ಮೊದಲು ಕೊರತೆ ಇತ್ತೋ ಇಲ್ಲವೋ ಗೊತ್ತೇ ಆಗುವುದಿಲ್ಲ.

ನಮ್ಮಪ್ಪನ ವಿಷಯ ಹೇಳ್ತೀನಿ. ಗದ್ದೆ ಕೆಲಸ ಮಾಡಿದ ಜೀವ. ಮುದ್ದೆ, ಉಪ್ಸಾರು, ಭಾನುವಾರ ಬಾಡು. ಬಾಡು ತಿನ್ನುವವರಿಗೆ ಬಿ12 ಕಮ್ಮಿ ಆಗಲ್ಲ ಅಂತ ನಾವು ಅಂದುಕೊಂಡಿದ್ದೆವು. ಮೊದಲು ಪಾದ ಜೋಮು ಹಿಡಿಯಿತು, ಕತ್ತಲಲ್ಲಿ ಬಚ್ಚಲಿಗೆ ಹೋದರೆ ಗೋಡೆ ಹಿಡಿದೇ ಹೋಗಬೇಕು. ಆಮೇಲೆ ಹೇಳಿದ್ದನ್ನೇ ಹೇಳುವುದು, ಸುಮ್ಸುಮ್ನೆ ಸಿಟ್ಟು. ಮಂಡ್ಯದಲ್ಲಿ ತೋರಿಸಿದಾಗ ಬಿ12 ತುಂಬ ಕೆಳಗಿತ್ತು. ಇಂಜೆಕ್ಷನ್ ಕೊಟ್ಟರು. ಸಿಟ್ಟು ಬೇಗ ಇಳಿಯಿತು, ನಡಿಗೆ ನಿಧಾನಕ್ಕೆ ಸರಿಹೋಯಿತು. ಮರೆವು ಅರ್ಧಕ್ಕರ್ಧ ಸುಧಾರಿಸಿತು, ಪೂರ್ತಿ ಇಲ್ಲ. ತಡವಾದರೆ ಅಷ್ಟೇ ಅಂತ ಡಾಕ್ಟರು ಹೇಳಿದರು. ಬಾಡು ತಿಂದರೂ ವಯಸ್ಸಾದ ಹೊಟ್ಟೆ ಅದನ್ನು ಹೀರಿಕೊಳ್ಳಬೇಕಲ್ಲ.

ಔಷಧಿ ಅಂಗಡಿ
ಮೇಲಿನವರು ಸರಿಯಾಗಿ ಹೇಳಿದ್ದಾರೆ. ಅಗ್ರಹಾರದ ಕಡೆ ಬಹಳ ವರ್ಷ ಅಂಗಡಿ ನಡೆಸಿದವನು ನಾನು, ಈಗ ಮಗ ನೋಡಿಕೊಳ್ಳುತ್ತಾನೆ. ಕಾಫಿ ಮೇಡಂ, ನಿಮ್ಮ ತಾಯಿಯವರಿಗೆ ಬಿ12 ಕಮ್ಮಿಯಾಗಲು ಒಂದಲ್ಲ, ನಾಲ್ಕು ಕಾರಣ ಒಟ್ಟಿಗೆ ಇವೆ. ಸಸ್ಯಾಹಾರ, ವಯಸ್ಸು, ಮೆಟ್‌ಫಾರ್ಮಿನ್, ಗ್ಯಾಸ್ ಮಾತ್ರೆ. ಊಟದಲ್ಲಿರುವ ಬಿ12 ಪ್ರೋಟೀನಿಗೆ ಅಂಟಿಕೊಂಡಿರುತ್ತೆ, ಅದನ್ನು ಬಿಡಿಸಲು ಹೊಟ್ಟೆಯ ಆಸಿಡ್ ಬೇಕು. ಗ್ಯಾಸ್ ಮಾತ್ರೆ ಮಾಡುವ ಕೆಲಸವೇ ಆಸಿಡ್ ತಗ್ಗಿಸುವುದು. ಮೆಟ್‌ಫಾರ್ಮಿನ್ ಬಹಳ ವರ್ಷ ತಗೊಂಡರೆ ಬಿ12 ಇಳಿಯುತ್ತೆ ಅಂತ 2022ರಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಕರೇ ಎಚ್ಚರಿಕೆ ಕೊಟ್ಟರು. ಹಾಗಂತ ಶುಗರ್ ಮಾತ್ರೆ ನಿಲ್ಲಿಸಬೇಡಿ, ಒಳ್ಳೆ ಮಾತ್ರೆ ಅದು. ಬಿ12 ನೋಡಿಕೊಂಡರೆ ಸಾಕು. ಗ್ಯಾಸ್ ಮಾತ್ರೆ ಮಾತ್ರ ನಿಜಕ್ಕೂ ಬೇಕಾ ಅಂತ ಡಾಕ್ಟರನ್ನು ಕೇಳಿ. ನಮ್ಮಲ್ಲಿ ಯಾವತ್ತೋ ಹದಿನೈದು ದಿನಕ್ಕೆ ಬರೆದದ್ದನ್ನು ಹದಿನೈದು ವರ್ಷ ನುಂಗುವವರಿದ್ದಾರೆ.

ಇನ್ನೊಂದು ಮುಖ್ಯ ಮಾತು. ಅಂಗಡಿಗೆ ಬಂದು "ನರದ ಮಾತ್ರೆ ಕೊಡಿ" ಅಂತ ಕೇಳಬೇಡಿ. ಬಿ12 ಹೆಸರಲ್ಲಿ ಮಾರುವ ಎಷ್ಟೋ ಸ್ಟ್ರಿಪ್ಪುಗಳಲ್ಲಿ ಮಿಥೈಲ್‌ಕೋಬಾಲಮಿನ್ (ಬಿ12ರ ಒಂದು ರೂಪ) ಜೊತೆ ಪ್ರೆಗಾಬಲಿನ್ ಅಥವಾ ಗ್ಯಾಬಪೆಂಟಿನ್ ಸೇರಿಸಿರುತ್ತಾರೆ. ಅದು ನರದ ನೋವಿನ ಔಷಧ, ವಿಟಮಿನ್ ಅಲ್ಲ. ವಯಸ್ಸಾದವರಿಗೆ ಮಂಪರು, ತಲೆಸುತ್ತು, ಗೊಂದಲ ತರುತ್ತೆ. ಮರೆವಿಗೆ ಅಂತ ವಿಟಮಿನ್ ಕೊಡಿಸಿ, ಅದರ ಜೊತೆ ಮಂಪರೂ ಕೊಟ್ಟಂತಾಗುತ್ತೆ. ಸ್ಟ್ರಿಪ್ಪಿನ ಹಿಂದೆ ಸಣ್ಣಕ್ಷರದಲ್ಲಿ ಏನೇನಿದೆ ಓದಿ. ಓದಲು ಆಗದಿದ್ದರೆ ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ.

ಗಂಗೋತ್ರಿ ವಾಕರ್
ಎಲ್ಲರೂ ಬಿ12 ಬಿ12 ಅಂತ ಕೂಗುವ ಮುಂಚೆ ಸ್ವಲ್ಪ ತಡೆಯಿರಿ. ಕೊರತೆ ಇದ್ದರೆ ತುಂಬಬೇಕು, ಅದರಲ್ಲಿ ತಕರಾರಿಲ್ಲ. ಕೊರತೆ ಇಲ್ಲದವರಿಗೆ ಕೊಟ್ಟರೆ ಬುದ್ಧಿ ಚುರುಕಾಗುತ್ತಾ ಅನ್ನುವುದು ಬೇರೆ ಪ್ರಶ್ನೆ, ಅದಕ್ಕೆ ಬಂದಿರುವ ಉತ್ತರ ಬಹುಪಾಲು ಇಲ್ಲ ಅಂತಲೇ. ನೆದರ್ಲೆಂಡ್ಸಿನಲ್ಲಿ 2,919 ಹಿರಿಯರಿಗೆ ಎರಡು ವರ್ಷ ಬಿ12, ಫೋಲಿಕ್ ಆಸಿಡ್ ಕೊಟ್ಟು ನೋಡಿದರು. ಒಟ್ಟಾರೆ ನೆನಪಿನ ಪರೀಕ್ಷೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. 2014ರಲ್ಲಿ ಸುಮಾರು 22,000 ಜನರ, 11 ಪ್ರಯೋಗಗಳ ಲೆಕ್ಕ ಕೂಡಿಸಿ ನೋಡಿದಾಗಲೂ ಅದೇ ಕಥೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಮರೆವು ತಡೆಯಲು ಬಿ ವಿಟಮಿನ್, ವಿಟಮಿನ್ ಇ, ಮೀನೆಣ್ಣೆ ತರಹದ ಕೊಬ್ಬಿನ ಮಾತ್ರೆ, ಮಲ್ಟಿವಿಟಮಿನ್ ಯಾವುದನ್ನೂ ಶಿಫಾರಸು ಮಾಡಬಾರದು ಅಂತ ನೇರವಾಗಿ ಬರೆದಿದೆ.

ಆ ಗಿಂಕ್ಗೋ ಕ್ಯಾಪ್ಸೂಲ್ ವಾಪಸ್ ಕೊಡಿ. ಅಮೆರಿಕದಲ್ಲಿ ಮೂರು ಸಾವಿರ ಜನರ ಮೇಲೆ ವರ್ಷಗಟ್ಟಲೆ ನೋಡಿದ್ದಾರೆ, 2008ರಲ್ಲಿ ಫಲಿತಾಂಶ ಬಂತು. ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ತಡೆಯಲಿಲ್ಲ.

ಲ್ಯಾಬ್ ನಿವೃತ್ತ
ವಾಕರ್ ಸರ್, ನೀವು ಅರ್ಧ ಹೇಳಿದ್ದೀರಿ. ಆಕ್ಸ್‌ಫರ್ಡಿನ ವಿಟಾಕಾಗ್ ಪ್ರಯೋಗ ಬಿಟ್ಟಿರಿ. 70 ದಾಟಿದ, ಆಗಲೇ ಸ್ವಲ್ಪ ಮರೆವು ಶುರುವಾದ ಜನರಿಗೆ ಎರಡು ವರ್ಷ ಬಿ12, ಬಿ6, ಫೋಲಿಕ್ ಆಸಿಡ್ ದೊಡ್ಡ ಡೋಸಿನಲ್ಲಿ ಕೊಟ್ಟು 168 ಜನರ ಮೆದುಳಿನ ಸ್ಕ್ಯಾನ್ ಹೋಲಿಸಿದರು. ಔಷಧವಿಲ್ಲದ ಹುಸಿ ಮಾತ್ರೆ ತಗೊಂಡವರ ಮೆದುಳು ವರ್ಷಕ್ಕೆ ಶೇ 1.08ರಷ್ಟು ಕುಗ್ಗಿದರೆ, ವಿಟಮಿನ್ ತಗೊಂಡವರದ್ದು ಶೇ 0.76. ಹೋಮೋಸಿಸ್ಟೀನ್ (ಬಿ12, ಫೋಲಿಕ್ ಆಸಿಡ್ ಕಮ್ಮಿಯಾದರೆ ರಕ್ತದಲ್ಲಿ ಏರುವ ಅಂಶ) 13ಕ್ಕಿಂತ ಜಾಸ್ತಿ ಇದ್ದವರಲ್ಲಿ ಕುಗ್ಗುವುದು ಅರ್ಧದಷ್ಟಾಯಿತು. 2010ರ ಫಲಿತಾಂಶ ಇದು. ಅಂದರೆ ಯಾರಿಗೆ ಕೊಡುತ್ತೀರಿ ಅನ್ನುವುದು ಮುಖ್ಯ. ಈ ಪ್ರಯೋಗದಲ್ಲಿ ಹೋಮೋಸಿಸ್ಟೀನ್ ಏರಿದವರಿಗೆ ಉಪಯೋಗ ಕಂಡಿತು, ಸರಿ ಇರುವವರಿಗೆ ಅಷ್ಟಿಲ್ಲ. ನೀವು ಹೇಳಿದ ದೊಡ್ಡ ಪ್ರಯೋಗಗಳಲ್ಲಿ ಮರೆವೇ ಇಲ್ಲದವರು ಎಷ್ಟೋ ಜನ.

ಅದು ಯೂರೋಪಿನ ಮಾತು, ನಮ್ಮೂರಿನದ್ದು ಕೇಳಿ. ಮೈಸೂರಿನ ಮಿಷನ್ ಆಸ್ಪತ್ರೆ, ಅದೇ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ತೊಂಬತ್ತರ ದಶಕದ ಕೊನೆಯಲ್ಲಿ ಗರ್ಭಿಣಿಯರ ರಕ್ತ ತೆಗೆದಿಟ್ಟು ಆಮೇಲೆ ನೋಡಿದ ಅಧ್ಯಯನವಿದೆ. ಶೇ 43 ಜನರಿಗೆ ಬಿ12 ಕಮ್ಮಿ. ಫೋಲೇಟ್, ಅಂದರೆ ಅದೇ ಫೋಲಿಕ್ ಆಸಿಡ್, ಕಮ್ಮಿ ಇದ್ದವರು ಶೇ 4 ಅಷ್ಟೇ. ಸೊಪ್ಪು, ಬೇಳೆ, ಹುಳಿ ತಿನ್ನುವ ಊರು ನಮ್ಮದು, ಫೋಲೇಟಿಗೆ ಬರವಿಲ್ಲ. ಅವರು ಹರೆಯದ ಹೆಣ್ಣುಮಕ್ಕಳು ನಿಜ, ಆದರೆ ಊಟ ಅದೇ ಅಲ್ವಾ, ವಯಸ್ಸಾದ ಮೇಲೆ ಬಿ12 ಏರುವುದಂತೂ ಇಲ್ಲ. ಇದೇ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ ಬರೆದಿಟ್ಟ ಪುಸ್ತಕಗಳಿದ್ದವು. ಆ ಮಕ್ಕಳನ್ನೇ ಮುದುಕರಾದ ಮೇಲೆ ಹುಡುಕಿ ನೆನಪಿನ ಪರೀಕ್ಷೆ ಮಾಡಿದ್ದಾರೆ. ಊರಿನ ಎಷ್ಟು ಜನಕ್ಕೆ ಇದು ಗೊತ್ತು?

ಹೋಮೋಸಿಸ್ಟೀನ್ ಮಾಡಿಸುವವರಿಗೆ ಒಂದು ಮಾತು. ಖಾಲಿ ಹೊಟ್ಟೆಯಲ್ಲಿ ಕೊಡಿ, ಲ್ಯಾಬ್ ಇರುವ ಕಡೆಯೇ ಹೋಗಿ ಕೊಡಿ. ತೆಗೆದ ರಕ್ತ ಹಾಗೇ ಕೂತರೆ ಕೆಂಪು ಕಣಗಳಿಂದ ಹೋಮೋಸಿಸ್ಟೀನ್ ಹೊರಗೆ ಬರುತ್ತಲೇ ಇರುತ್ತೆ, ಅಂಕಿ ಸುಳ್ಳೇ ಏರುತ್ತೆ. ಐಸಿನಲ್ಲಿಟ್ಟು ಬೇಗ ಬೇರ್ಪಡಿಸಬೇಕು. ಊರಿನ ಕಲೆಕ್ಷನ್ ಸೆಂಟರಿನಲ್ಲಿ ತೆಗೆದ ಟ್ಯೂಬು ಬಸ್ಸಿನ ಸೀಟಿನ ಕೆಳಗೆ ಬ್ಯಾಗಿನಲ್ಲಿ ಕೂತು ಮಧ್ಯಾಹ್ನ ಮೈಸೂರಿಗೆ ಬಂದರೆ ಆ ರಿಪೋರ್ಟು ನಂಬಬೇಡಿ.

ಗಂಗೋತ್ರಿ ವಾಕರ್
ವಿಟಾಕಾಗ್ ಗೊತ್ತು ಸರ್. ಚಿಕ್ಕ ಪ್ರಯೋಗ, ಸ್ಕ್ಯಾನ್ ಮುಖ್ಯ ಅಳತೆ. ಆಮೇಲೆ ಅದೇ ತಂಡ ಲೆಕ್ಕ ಹಾಕಿದಾಗ ರಕ್ತದಲ್ಲಿ ಒಮೆಗಾ 3 ಚೆನ್ನಾಗಿದ್ದವರಿಗೆ ಮಾತ್ರ ಉಪಯೋಗ ಕಂಡಿತು, ಕಮ್ಮಿ ಇದ್ದವರಿಗೆ ಕಾಣಲಿಲ್ಲ. ಮೀನು ಮುಟ್ಟದ ನಮ್ಮ ಅಮ್ಮಂದಿರಿಗೆ ಅದನ್ನು ಹಾಗೇ ಹೊಂದಿಸುವುದು ಹೇಗೆ? ಆದರೂ ಒಪ್ಪುತ್ತೇನೆ, ಹೋಮೋಸಿಸ್ಟೀನ್ ಏರಿದ್ದು ಗೊತ್ತಾದರೆ ಸುಮ್ಮನೆ ಕೂರುವುದು ಸರಿಯಲ್ಲ.

ತಂಬುಳಿ ಅಕ್ಕ
ಎಲ್ಲ ಇಂಗ್ಲಿಷ್ ಔಷಧವೇ ಆಯಿತಲ್ಲ. ನಮ್ಮಜ್ಜಿ ವಾರಕ್ಕೆರಡು ಸಲ ಒಂದೆಲಗದ ತಂಬುಳಿ ಮಾಡುತ್ತಿದ್ದರು, ತೊಂಬತ್ತರವರೆಗೂ ನೆನಪು ಗಟ್ಟಿ. ಹಿತ್ತಲಲ್ಲಿ ನೀರು ಬೀಳುವ ಜಾಗದಲ್ಲಿ ತಾನಾಗಿ ಹಬ್ಬುತ್ತೆ. ಸ್ವಲ್ಪ ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಹುರಿದು, ಕಾಯಿ ಜೊತೆ ರುಬ್ಬಿ ಮಜ್ಜಿಗೆಗೆ ಹಾಕಿ. ದುಡ್ಡೂ ಇಲ್ಲ, ಸೈಡ್ ಎಫೆಕ್ಟೂ ಇಲ್ಲ.

ಔಷಧಿ ಅಂಗಡಿ
ತಂಬುಳಿ ಖಂಡಿತ ಮಾಡಿ ಅಕ್ಕ, ಬೇಸಿಗೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಅದರಲ್ಲಿ ಬಿ12 ಇಲ್ಲ. ಗಿಡದಲ್ಲಿ ಬಿ12 ಸಿಗುವುದಿಲ್ಲ. ಸ್ಪಿರುಲಿನಾ ಮಾತ್ರೆಯಲ್ಲಿ ಇದೆ ಅಂತ ಮಾರುತ್ತಾರೆ, ಅದರಲ್ಲಿರುವುದು ಬಹುಪಾಲು ನಮ್ಮ ದೇಹಕ್ಕೆ ಹತ್ತದ ರೂಪ. ಸಸ್ಯಾಹಾರಿಗಳಿಗೆ ಹಾಲು ಮೊಸರೇ ಗತಿ. ಒಂದು ದೊಡ್ಡ ಲೋಟ ಹಾಲಿಗೆ ಸುಮಾರು ಒಂದು ಮೈಕ್ರೋಗ್ರಾಂ, ದಿನಕ್ಕೆ ಬೇಕಾದ್ದು ಎರಡರ ಮೇಲೆ. ಕಾಫಿಗೆ ಬೀಳುವ ಹಾಲು ಯಾವ ಲೆಕ್ಕ.

ಅಂಗಡಿಯಲ್ಲಿ ಸಿಗುವ ಒಂದೆಲಗದ ಕ್ಯಾಪ್ಸೂಲು, ಬ್ರಾಹ್ಮಿ ಮಾತ್ರೆ ಬೇರೆ ವಿಷಯ. ಅವು ಬೇರೆ ಬೇರೆ ಗಿಡ. ಎಷ್ಟೋ ಡಬ್ಬಿಗಳಲ್ಲಿ ಯಾವುದು ಎಷ್ಟಿದೆ ಅಂತ ನಂಬುವುದು ಕಷ್ಟ.

ಹೆಬ್ಬಾಳ ಸೊಸೆ
ನಾನು ಬೇರೆ ವಿಟಮಿನ್ ಬಗ್ಗೆ ಹೇಳಬೇಕು, ಇದು ಎಲ್ಲರೂ ಓದಲಿ. ನಮ್ಮ ಎದುರು ಮನೆಯ ಅಜ್ಜನಿಗೆ ಡಿ ವಿಟಮಿನ್ ಕಮ್ಮಿ ಅಂತ 60,000ದ ಪುಡಿ ಬರೆದುಕೊಟ್ಟಿದ್ದರು, ವಾರಕ್ಕೊಂದು ಅಂತ. ಮನೆಯವರಿಗೆ ಯಾರೂ ಬಿಡಿಸಿ ಹೇಳಲಿಲ್ಲ. ಉಳಿದ ಮಾತ್ರೆಗಳ ಜೊತೆ ದಿನಾ ಹಾಲಿಗೆ ಹಾಕಿ ಕೊಟ್ಟರು. ಅಜ್ಜ ಊಟ ಬಿಟ್ಟರು, ವಾಂತಿ, ಮಲಬದ್ಧತೆ, ಆಮೇಲೆ ಯಾರು ಯಾರು ಅಂತಲೇ ಗೊತ್ತಾಗದ ಹಾಗೆ ಆಯಿತು. ಮರೆವಿನ ಕಾಯಿಲೆ ಜೋರಾಯಿತು ಅಂತ ಮನೆಯವರು ಅತ್ತರು. ಆಸ್ಪತ್ರೆಯಲ್ಲಿ ನೋಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಮಿತಿ ಮೀರಿತ್ತು. ಸಲೈನ್ ಹಾಕಿ, ಪುಡಿ ನಿಲ್ಲಿಸಿದ ಮೇಲೆ ದಾರಿಗೆ ಬಂದರು. ವಿಟಮಿನ್ ಅಲ್ವಾ, ಜಾಸ್ತಿಯಾದರೆ ಏನಾಗುತ್ತೆ ಅನ್ನುವವರಿಗೆ ಇದನ್ನು ಹೇಳಿ.

ಔಷಧಿ ಅಂಗಡಿ
ಇದು ನಾನೂ ಕೇಳಿದ್ದೇ. ಪುಡಿಯ ಪೊಟ್ಟಣದ ಮೇಲೆ ಪೆನ್ನಿನಲ್ಲಿ "ಭಾನುವಾರ" ಅಂತ ಬರೆದುಕೊಡಿ ಅಂತ ಕೇಳಿ, ಎಲ್ಲ ಅಂಗಡಿಯವರೂ ಬರೆದುಕೊಡುತ್ತಾರೆ. ಬಿ6 ಕೂಡ ಹಾಗೇ, ದೊಡ್ಡ ಡೋಸನ್ನು ಬಹಳ ದಿನ ತಗೊಂಡರೆ ಅದೇ ಪಾದಗಳಿಗೆ ಜೋಮು ತರುತ್ತೆ. ಫೋಲಿಕ್ ಆಸಿಡ್ ಒಂದನ್ನೇ ಕೊಟ್ಟರೆ ಇನ್ನೊಂದು ಅಪಾಯ. ಬಿ12 ಕಮ್ಮಿಯಾಗಿ ಬಂದ ರಕ್ತಹೀನತೆ ಅದರಿಂದ ಸರಿಯಾದಂತೆ ಕಾಣುತ್ತೆ, ಒಳಗೆ ನರ ಹಾಳಾಗುವುದು ನಿಲ್ಲುವುದಿಲ್ಲ. ವಿಟಮಿನ್ ಇ ದೊಡ್ಡ ಡೋಸಿನಲ್ಲಿ ರಕ್ತಸ್ರಾವ ಜಾಸ್ತಿ ಮಾಡಬಹುದು, ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17 ಹೆಚ್ಚಿದ್ದು 2011ರಲ್ಲಿ ಗೊತ್ತಾಯಿತು.

ಕುವೆಂಪುನಗರ ಕಾಫಿ
ಎಲ್ಲರಿಗೂ ಥ್ಯಾಂಕ್ಸ್. ರಿಪೋರ್ಟ್ ಬಂತು. ಬಿ12 168, ಲ್ಯಾಬಿನ ಕೆಳಗಿನ ಮಿತಿ 200ರ ಆಸುಪಾಸು. ಹೋಮೋಸಿಸ್ಟೀನ್ 24. ಹಿಮೋಗ್ಲೋಬಿನ್ ಸ್ವಲ್ಪ ಕಮ್ಮಿ. ಥೈರಾಯ್ಡ್ ಸರಿ ಇದೆ, ಸೋಡಿಯಂ ಸರಿ ಇದೆ. ಡಾಕ್ಟರು ನರ ನೋಡಲು ಪಾದದ ಮೇಲೆ ನಡುಗುವ ಟ್ಯೂನಿಂಗ್ ಫೋರ್ಕ್ ಇಟ್ಟರೆ ಅಮ್ಮನಿಗೆ ನಡುಗುವುದೇ ಗೊತ್ತಾಗಲಿಲ್ಲ, ಮೊಣಕಾಲಿನ ಮೇಲಿಟ್ಟರೆ ಗೊತ್ತಾಯಿತು. ಮೋಕಾ ಅಂತ ನೆನಪು, ಯೋಚನೆ ಅಳೆಯುವ ಪರೀಕ್ಷೆ ಕನ್ನಡದಲ್ಲೇ ಮಾಡಿದರು, ಗಡಿಯಾರ ಬರೆಸಿದರು. ಅಮ್ಮ ಹನ್ನೆರಡೂ ಅಂಕಿಯನ್ನು ಒಂದೇ ಪಕ್ಕಕ್ಕೆ ಒತ್ತಿ ಬರೆದು, ಮುಳ್ಳು ಎಲ್ಲಿಡಬೇಕು ಅಂತ ನನ್ನ ಮುಖ ನೋಡಿದರು.

ಇಂಜೆಕ್ಷನ್ ಶುರುವಾಗಿದೆ, ಆಮೇಲೆ ಮಾತ್ರೆ ಅಂತೆ. ಎಂಆರ್‌ಐ ಕೂಡ ಬರೆದಿದ್ದಾರೆ. ನನ್ನ ಪ್ರಶ್ನೆ ಎರಡು. ಇಂಜೆಕ್ಷನ್ನೇ ಬೇಕಾ, ಮಾತ್ರೆ ಸಾಲದಾ? ಇನ್ನೊಂದು, ಅಮೆರಿಕದ ಬಾಟಲಿ ಕೊಡಲಾ? ತಂಗಿ ದಿನಾ ಫೋನ್ ಮಾಡಿ ಕೇಳುತ್ತಾಳೆ, ಪೇಪರಿನಲ್ಲಿ ಬಂದಿದೆ ಅಂತಾಳೆ.

ಲ್ಯಾಬ್ ನಿವೃತ್ತ
168, ಜೊತೆಗೆ 24. ಇದು ಸಂಶಯವಿಲ್ಲದ ಕೊರತೆ. ಒಳ್ಳೆ ಸಮಯಕ್ಕೆ ನೋಡಿಸಿದಿರಿ. ನರದ ಲಕ್ಷಣ ಇದ್ದಾಗ ಇಂಜೆಕ್ಷನ್ನಿನಿಂದ ಶುರು ಮಾಡುವುದೇ ರೂಢಿ, ಹೊಟ್ಟೆಯ ದಾರಿ ಕಾಯಬೇಕಿಲ್ಲ. ಆಮೇಲೆ ದಿನಾ 1,000 ಮೈಕ್ರೋಗ್ರಾಂ ಮಾತ್ರೆಯೂ ನಡೆಯುತ್ತೆ, ಹೊಟ್ಟೆ ಸರಿಯಿಲ್ಲದಿದ್ದರೂ ಅದರಲ್ಲಿ ನೂರಕ್ಕೆ ಒಂದು ಭಾಗ ತಾನಾಗಿ ಒಳಗೆ ಹೋಗುತ್ತೆ, ಅಷ್ಟು ಸಾಕು. ಹಳದಿ ಬಿ ಕಾಂಪ್ಲೆಕ್ಸ್ ಕ್ಯಾಪ್ಸೂಲಿನಲ್ಲಿ ಕೆಲವೇ ಮೈಕ್ರೋಗ್ರಾಂ ಇರುವುದು, ಅದರಿಂದ ಈ ಗುಂಡಿ ತುಂಬುವುದಿಲ್ಲ. ಮೆಟ್‌ಫಾರ್ಮಿನ್ ಮುಂದುವರಿಯುವವರೆಗೂ ಬಿ12 ನಿಲ್ಲಿಸಬೇಡಿ. ಆರಾಮಾಯಿತು ಅಂತ ಬಿಟ್ಟು, ಎರಡು ಮೂರು ವರ್ಷಕ್ಕೆ ಮತ್ತೆ ಬಂದವರನ್ನು ನೋಡಿದ್ದೇನೆ. ಲಿವರಿನಲ್ಲಿ ಸಂಗ್ರಹ ಇರುವುದರಿಂದ ಬಿಟ್ಟದ್ದು ತಕ್ಷಣ ಗೊತ್ತಾಗುವುದಿಲ್ಲ.

ಗಂಗೋತ್ರಿ ವಾಕರ್
ತಂಗಿ ಓದಿರುವುದು ಕಾಸ್ಮೋಸ್ ಅನ್ನುವ ಪ್ರಯೋಗ. ಸುಳ್ಳಲ್ಲ. ಅಮೆರಿಕದಲ್ಲಿ 60 ದಾಟಿದವರಿಗೆ ದಿನಾ ಒಂದು ಮಲ್ಟಿವಿಟಮಿನ್ ಕೊಟ್ಟು ನೋಡಿದಾಗ ನೆನಪಿನ ಪರೀಕ್ಷೆಯಲ್ಲಿ ಸಣ್ಣ ಲಾಭ ಕಂಡಿತು. ಸುಮಾರು ಎರಡು ವರ್ಷ ಕಮ್ಮಿ ವಯಸ್ಸಾದಷ್ಟು ಅಂತ 2024ರಲ್ಲಿ ಲೆಕ್ಕ ಕೊಟ್ಟರು. ಆದರೆ ಅದಕ್ಕೂ ಮುಂಚೆ ಸುಮಾರು 6,000 ವಯಸ್ಸಾದ ಡಾಕ್ಟರುಗಳಿಗೆ 12 ವರ್ಷ ಮಲ್ಟಿವಿಟಮಿನ್ ಕೊಟ್ಟಾಗ ಏನೂ ಲಾಭ ಕಂಡಿರಲಿಲ್ಲ. ಇಬ್ಬರೂ ಆರೋಗ್ಯವಾಗಿದ್ದವರು, ನಿಮ್ಮಮ್ಮನ ಸ್ಥಿತಿಯವರಲ್ಲ. ಕೊಟ್ಟರೆ ದೊಡ್ಡ ತೊಂದರೆಯಿಲ್ಲ, ಲೇಬಲ್ ಡಾಕ್ಟರಿಗೆ ತೋರಿಸಿ ಕೊಡಿ. ಆದರೆ ಆ ಬಾಟಲಿ ಇದೆ ಅಂತ ಇಂಜೆಕ್ಷನ್ ತಪ್ಪಿಸಬೇಡಿ.

ಪಾಂಡವಪುರದವನು
ಅಕ್ಕಾ, ಅಮ್ಮನಿಗೆ ಕಿವಿ ಕೇಳಿಸುತ್ತಾ? ಸುಮ್ನೆ ಕೇಳ್ತಿಲ್ಲ. ನಮ್ಮಪ್ಪನ ಅರ್ಧ ಮರೆವು ನಾವು ಹೇಳಿದ್ದು ಕೇಳಿಸದೇ ಇದ್ದದ್ದು.

ಹೆಬ್ಬಾಳ ಸೊಸೆ
ಇದು ಬಹಳ ಒಳ್ಳೆ ಪ್ರಶ್ನೆ. 2024ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಕಮಿಷನ್ ಡಿಮೆನ್ಶಿಯಾಗೆ ನಾವು ತಡೆಯಬಹುದಾದ 14 ಕಾರಣ ಪಟ್ಟಿ ಮಾಡಿದೆ, ಕಿವಿ ಕೇಳಿಸದಿರುವುದು ಅದರಲ್ಲಿ ತೀರಾ ಮುಂದಿದೆ. ಬಿಪಿ, ಶುಗರ್, ಕೊಲೆಸ್ಟ್ರಾಲ್, ಒಂಟಿತನ, ಚಿಕಿತ್ಸೆ ಮಾಡಿಸದ ದೃಷ್ಟಿ ದೋಷ ಎಲ್ಲ ಇವೆ. ವಿಟಮಿನ್ ಆ ಪಟ್ಟಿಯಲ್ಲೇ ಇಲ್ಲ. ಮೈಸೂರಿನವರಾಗಿ ನಾವು ಕಿವಿ ಪರೀಕ್ಷೆ ಮಾಡಿಸದಿದ್ದರೆ ಇನ್ಯಾರು ಮಾಡಿಸಬೇಕು ಹೇಳಿ, ಮಾನಸಗಂಗೋತ್ರಿಯಲ್ಲಿ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆ 1965ರಿಂದ ಇದೆ, ದೇಶದ ಮೂಲೆಮೂಲೆಯಿಂದ ಅಲ್ಲಿಗೆ ಬರುತ್ತಾರೆ. ನಮ್ಮತ್ತೆಗೆ ಅಲ್ಲೇ ತೋರಿಸಿದ್ದು. ಬೆಳಿಗ್ಗೆ ಬೇಗ ಹೋಗಿ ಸರತಿಯಲ್ಲಿ ಕೂತುಕೊಳ್ಳಿ.

ಕುವೆಂಪುನಗರ ಕಾಫಿ
ಟಿವಿ ಸೌಂಡು ಬೀದಿಗೆ ಕೇಳಿಸುತ್ತೆ ಅಂತ ಪಕ್ಕದ ಮನೆಯವರು ಎಷ್ಟೋ ಸಲ ಹೇಳಿದ್ದಾರೆ. ಕರೆದುಕೊಂಡು ಹೋಗುತ್ತೇನೆ. ಎಂಆರ್‌ಐನಲ್ಲಿ ಗಾಬರಿಯಾಗುವಂಥದ್ದು ಏನಿಲ್ಲ, ವಯಸ್ಸಿಗಿಂತ ಸ್ವಲ್ಪ ಜಾಸ್ತಿ ಕುಗ್ಗಿದೆ ಅಂದರು. ಕೆಲವು ತಿಂಗಳು ಬಿಟ್ಟು ಮೋಕಾ ಮತ್ತೆ ಮಾಡುತ್ತಾರಂತೆ. ಈಗ ಚಪ್ಪಲಿ ಕಾಲಿನಿಂದ ಜಾರಿದರೆ ಅಮ್ಮನಿಗೆ ಗೊತ್ತಾಗುತ್ತಿದೆ, ಮೊದಲು ಒಂದೇ ಚಪ್ಪಲಿಯಲ್ಲಿ ಗೇಟಿನವರೆಗೂ ನಡೆದುಬಿಡುತ್ತಿದ್ದರು. ಮರೆವು ಹಾಗೇ ಇದೆ, ಮಂಕು ಮಾತ್ರ ಸ್ವಲ್ಪ ಕಮ್ಮಿ.

ನಂಜನಗೂಡು ರಸಬಾಳೆ
ತಡವಾಗಿ ಬರೆಯುತ್ತಿದ್ದೇನೆ. ನಮ್ಮ ತಂದೆಗೆ ಆಲ್ಝೈಮರ್ ಅಂತಲೇ ಹೇಳಿದ್ದಾರೆ, ಮಾತ್ರೆ ನಡೆಯುತ್ತಿದೆ. ಬಿ12 480, ಹೋಮೋಸಿಸ್ಟೀನ್ ಸರಿ ಇದೆ. ಡಾಕ್ಟರು ವಿಟಮಿನ್ ಏನೂ ಬರೆಯಲಿಲ್ಲ. ಇದೆಲ್ಲ ಓದಿದ ಮೇಲೆ ನಾವೇ ಕೊಡೋಣ ಅನ್ನಿಸುತ್ತಿದೆ. ವಿಟಮಿನ್ ಇ ಒಳ್ಳೆಯದು ಅಂತ ಯಾರೋ ಹೇಳಿದರು. ಹೃದಯದ ವಾಲ್ವ್ ಆಪರೇಷನ್ ಆಗಿದೆ, ರಕ್ತ ತೆಳುವಾಗಲು ವಾರ್ಫರಿನ್ ತಗೊಳ್ಳುತ್ತಾರೆ.

ಗಂಗೋತ್ರಿ ವಾಕರ್
ನಿಮ್ಮ ಡಾಕ್ಟರು ಬರೆಯದಿದ್ದದ್ದೇ ಸರಿ. ಆಲ್ಝೈಮರ್ ಇರುವ 409 ಜನರಿಗೆ ಒಂದೂವರೆ ವರ್ಷ ಬಿ ವಿಟಮಿನ್ ದೊಡ್ಡ ಡೋಸಿನಲ್ಲಿ ಕೊಟ್ಟು 2008ರಲ್ಲಿ ವರದಿ ಮಾಡಿದ್ದಾರೆ. ಹೋಮೋಸಿಸ್ಟೀನ್ ಇಳಿಯಿತು, ಮರೆವು ನಿಧಾನವಾಗಲಿಲ್ಲ. ಮೇಲಾಗಿ ಖಿನ್ನತೆ ಜಾಸ್ತಿ ಕಂಡಿತು. ವಿಟಮಿನ್ ಇ ವಿಷಯ, 2014ರಲ್ಲಿ 613 ಆಲ್ಝೈಮರ್ ರೋಗಿಗಳ ಪ್ರಯೋಗದಲ್ಲಿ ಸ್ನಾನ, ಊಟ, ಬಟ್ಟೆ ತರಹದ ದಿನದ ಕೆಲಸ ಕಳೆದುಕೊಳ್ಳುವುದು ಸ್ವಲ್ಪ ನಿಧಾನವಾಯಿತು ನಿಜ, ನೆನಪಿನಲ್ಲಿ ಲಾಭ ಕಾಣಲಿಲ್ಲ. ಡೋಸು ದಿನಕ್ಕೆ 2,000 ಯೂನಿಟ್. ಅದು ಡಾಕ್ಟರು ಕೂತು ಯೋಚಿಸಿ ಕೊಡಬೇಕಾದ ಔಷಧ.

ಔಷಧಿ ಅಂಗಡಿ
ವಾರ್ಫರಿನ್ ಅಂದಿರಲ್ಲ, ಅಲ್ಲಿಗೆ ಮಾತು ಮುಗಿಯಿತು. ವಿಟಮಿನ್ ಇ ಮನೆಗೇ ತರಬೇಡಿ, ಗಿಂಕ್ಗೋನೂ ಬೇಡ. ವಿಟಮಿನ್ ಕೆ ಇರುವ ಮಲ್ಟಿವಿಟಮಿನ್ ಕೊಟ್ಟರೆ ವಾರ್ಫರಿನ್ ಕೆಲಸ ತಗ್ಗುತ್ತೆ, ಇ ಕೊಟ್ಟರೆ ರಕ್ತ ಸೋರುವ ಭಯ. ಐಎನ್‌ಆರ್, ಅಂದರೆ ರಕ್ತ ಎಷ್ಟು ತೆಳುವಾಗಿದೆ ಅಂತ ಹೇಳುವ ಪರೀಕ್ಷೆಯ ಅಂಕಿ, ಎರಡು ಕಡೆಗೂ ಜಗ್ಗಾಡುತ್ತೆ. ಮುಂದಿನ ಸಲ ಹೋಗುವಾಗ ಮನೆಯಲ್ಲಿರುವ ಎಲ್ಲ ಸ್ಟ್ರಿಪ್ಪು, ಬಾಟಲಿ, ಪುಡಿ, ಆಯುರ್ವೇದದ ಡಬ್ಬಿ ಸಮೇತ ಒಂದು ಕೈಚೀಲಕ್ಕೆ ಹಾಕಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ನಿದ್ದೆ ಮಾತ್ರೆ, ಮೂತ್ರ ತಡೆಯುವ ಮಾತ್ರೆ ಇದ್ದರೆ ಅದನ್ನೂ ಬಿಡದೆ ತೋರಿಸಿ, ಅವುಗಳಲ್ಲಿ ಕೆಲವು ತಾವೇ ಮರೆವು ತರುತ್ತವೆ.

ನಂಜನಗೂಡು ರಸಬಾಳೆ
ಮೂತ್ರದ ಮಾತ್ರೆ ಇದೆ ಸಾರ್. ರಾತ್ರಿ ಪದೇ ಪದೇ ಏಳುತ್ತಾರೆ ಅಂತ ಬೇರೆ ಡಾಕ್ಟರು ಕೊಟ್ಟಿದ್ದು. ಮರೆವಿನ ಡಾಕ್ಟರಿಗೆ ನಾವು ಅದನ್ನು ತೋರಿಸಿರಲಿಲ್ಲ, ಅವರೂ ಕೇಳಲಿಲ್ಲ.

ಔಷಧಿ ಅಂಗಡಿ
ಹೆಸರು ಇಲ್ಲಿ ಹಾಕಿ. ನೀವಾಗಿಯೇ ನಿಲ್ಲಿಸಬೇಡಿ, ಆದರೆ ಮುಂದಿನ ತಾರೀಖಿನವರೆಗೆ ಕಾಯದೆ ನಾಳೆಯೇ ಡಾಕ್ಟರಿಗೆ ಫೋನ್ ಮಾಡಿ ಕೇಳಿ.